ಊಟ ಭದ್ರಾವತಿಯಲ್ಲಿ, ರಾತ್ರಿ ಶಿವಮೊಗ್ಗದಲ್ಲಿ

ಬೆಂಗಳೂರಿನಿಂದ ಜೋಗಕ್ಕೆ, ಆಗುಂಬೆಗೆ, ಹೊನ್ನಾವರದ ಕಡಲಿಗೆ ಹೊರಟವರು ಭದ್ರಾವತಿಯನ್ನು ಬಸ್ಸಿನ ಕಿಟಕಿಯಲ್ಲೇ ನೋಡಿ, ಶಿವಮೊಗ್ಗದಲ್ಲೊಂದು ಟೀ ಕುಡಿದು ಮುಂದಕ್ಕೆ ಹೋಗಿಬಿಡುತ್ತಾರೆ. ಔಷಧ ಕಂಪನಿಯ ಬ್ಯಾಗು ಹೊತ್ತು ಡಾಕ್ಟರುಗಳ ಬಾಗಿಲು ಕಾಯುವ ನನ್ನಂಥವರಿಗೆ ಈ ಎರಡೂ ಊರಿನ ಹೋಟೆಲು, ಲಾಡ್ಜುಗಳೇ ಅರ್ಧ ಮನೆ. ಯಾರು ಕೇಳಿದರೂ ನಾನು ಹೇಳುವುದಿಷ್ಟೇ: ಮಧ್ಯಾಹ್ನದ ಊಟ ಭದ್ರಾವತಿಗಿರಲಿ, ರಾತ್ರಿ ಶಿವಮೊಗ್ಗಕ್ಕಿರಲಿ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹಳೇ ಊರಿನಲ್ಲಿ ಹೊಯ್ಸಳರ ಕಾಲದ, ಮೂರು ಗರ್ಭಗುಡಿಗಳ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಮಧ್ಯಾಹ್ನ ಬಾಗಿಲು ಹಾಕುವ ಮೊದಲೇ ನೋಡಿಕೊಳ್ಳಿ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಎರಡೂ ತಮಿಳು, ತೆಲುಗು ನಾಡುಗಳಿಂದ ಜನರನ್ನು ಕರೆತಂದವು. ಅದಕ್ಕೇ ಇಲ್ಲಿ ಮುದ್ದೆ, ಪರೋಟ, ಬಿರಿಯಾನಿ ಎಲ್ಲವೂ ಒಂದೇ ಬೀದಿಯಲ್ಲಿ ಸಿಗುತ್ತವೆ. ಕಾರ್ಖಾನೆಯ ಜನ ಕಡಿಮೆಯಾಗಿ ಹೋಟೆಲುಗಳಲ್ಲಿ ಈಗ ಮೊದಲಿನ ನೂಕುನುಗ್ಗಲಿಲ್ಲ. ಒಂದೂವರೆಯೊಳಗೆ ಹೋದರೆ ಅನ್ನವೂ ಬಿಸಿ, ಸಾರೂ ಬಿಸಿ.

ಅಲ್ಲಿಂದ ಶಿವಮೊಗ್ಗಕ್ಕೆ ಸುಮಾರು 20 ಕಿ.ಮೀ. ಊರ ನಡುವೆ ಹಾಯುವ ಬಿ.ಎಚ್. ರಸ್ತೆಯಲ್ಲಿ ರಾತ್ರಿಯಿಡೀ ಲಾರಿ ಓಡುತ್ತವೆ. ರೂಮು ಹಿಂಬದಿಯದ್ದೇ ಕೇಳಿ. ಕೈಯಲ್ಲಿ ದುಡ್ಡು ಧಾರಾಳವಿದ್ದರೆ ಇದೇ ರಸ್ತೆಯ ರಾಯಲ್ ಆರ್ಕಿಡ್ ಸೆಂಟ್ರಲ್, ಪೇಟೆಯ ಮಧ್ಯೆಯೇ ಬೇಕೆಂದರೆ ದುರ್ಗಿಗುಡಿಯ ಜ್ಯುವೆಲ್ ರಾಕ್, ಸಾದಾ ರೂಮು ಸಾಕೆಂದರೆ ಬಸ್ ನಿಲ್ದಾಣದ ಸುತ್ತಲಿನ ಲಾಡ್ಜುಗಳು. ಅಡ್ವಾನ್ಸ್ ಕೊಡುವ ಮೊದಲು ಬಿಸಿನೀರಿನ ಹೊತ್ತು ಕೇಳಿಕೊಳ್ಳಿ. ಒಮ್ಮೆ ಒಂದು ಲಾಡ್ಜಿನಲ್ಲಿ ಕೇಳಿದ್ದಕ್ಕೆ ಹುಡುಗ "ಎಂಟಕ್ಕೆ ಗ್ಯಾರಂಟಿ ಸಾರ್" ಅಂದ. ನನ್ನ ಬಸ್ಸು ಏಳಕ್ಕಿತ್ತು.

ಸಂಜೆ ಹೊತ್ತಿದ್ದರೆ ಶಿವಪ್ಪನಾಯಕನ ಅರಮನೆ ನೋಡಬಹುದು. ಒಳಗೆ ದಪ್ಪ ಮರದ ಕಂಬಗಳ ದರ್ಬಾರು ಹಾಲ್, ಅಂಗಳದಲ್ಲಿ ಸುತ್ತಮುತ್ತಲಿಂದ ತಂದಿಟ್ಟ ಶಿಲ್ಪಗಳು.

ಬೆಳಗಿನ ತಿಂಡಿಗೆ ಮೀನಾಕ್ಷಿ ಭವನ. ಮಸಾಲೆ ದೋಸೆಯ ಅಂಚು ಗರಿಗರಿ, ನಡು ಮೆತ್ತಗೆ. ಭಾನುವಾರವಾದರೆ ಟೇಬಲ್ಲಿಗೆ ಕಾಯಲು ತಯಾರಾಗಿ ಹೋಗಿ. ಮಳೆಗಾಲದಲ್ಲಿ ಬಂದವರು ಕಳಲೆ ಪಲ್ಯ, ಕೆಸುವಿನ ಪತ್ರೊಡೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ. ದೊಡ್ಡ ಹೋಟೆಲಿನ ಮೆನುವಿಗಿಂತ ಮನೆಯವರೇ ಅಡುಗೆ ಮಾಡುವ ಮೆಸ್ಸುಗಳಲ್ಲಿ ಅದೃಷ್ಟ ಹೆಚ್ಚು. ಅಪ್ಪೆಮಿಡಿ ಉಪ್ಪಿನಕಾಯಿ ಕೊಂಡರೆ ತೊಟ್ಟು ಕಳಚದ ಇಡೀ ಮಿಡಿ ಆರಿಸಿ. ಹಲ್ಲಿಗೆ ಸಿಕ್ಕಾಗ ಕಟಕ್ ಎನ್ನಬೇಕು, ಸೊನೆಯ ಪರಿಮಳ ಮೂಗಿಗೇರಬೇಕು.

ತಿಂಡಿ ಮುಗಿಸಿ ನೇರ ಸಕ್ರೆಬೈಲಿಗೆ ಹೊರಡಿ. ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿ.ಮೀ. ದೂರದ ಈ ಬಿಡಾರದಲ್ಲಿ ಆನೆಗಳು ತುಂಗೆಯ ಹಿನ್ನೀರಿಗಿಳಿದು ಸ್ನಾನ ಮಾಡುವುದು ಬೆಳಗಿನ ಹೊತ್ತಿನಲ್ಲಿ. ಬೆಂಗಳೂರಿನಿಂದ ಒಂದೇ ಉಸಿರಿಗೆ ಬರುವವರು ಇಲ್ಲಿ ಮುಟ್ಟುವ ಹೊತ್ತಿಗೆ ಅವು ಕಾಡಿನ ದಾರಿ ಹಿಡಿದಿರುತ್ತವೆ. ಲಾಡ್ಜಿನ ಬಾಡಿಗೆ ಅಲ್ಲಿಗೇ ವಸೂಲಾಯಿತು.