ಬಾಗಿಲಿಗೆ ಸಾಲ ಬಂತು, ಉಳಿತಾಯ ಬರಲಿಲ್ಲ

ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಯಾದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಮೂರು ವರ್ಷಗಳ ಬಳಿಕ, ಅಂದಿನ ಬ್ಯಾಂಕುಗಳು ಊಹಿಸಿಯೂ ಇರದಿದ್ದ ಯೋಜನೆಯೊಂದಕ್ಕೆ ಕೈಹಾಕಿತು. ಬ್ಯಾಂಕಿನ ಪ್ರತಿನಿಧಿ ಗ್ರಾಹಕರ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಲ್ಲರೆಯನ್ನೂ ಪಡೆದು ಅವರ ಹೆಸರಿನಲ್ಲಿ ಜಮಾ ಮಾಡುತ್ತಿದ್ದ. ಅದೇ ಪಿಗ್ಮಿ ಠೇವಣಿ. ಕೈಮಗ್ಗದ ನೇಕಾರರ ಸಂಕಷ್ಟ ಕಂಡು ಬ್ಯಾಂಕ್ ಕಟ್ಟಿದ್ದ ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರು, ದಿನಗೂಲಿಯವನೂ ಉಳಿಸಬಲ್ಲ ಎಂದು ನಂಬಿದ್ದರು. ಆದರೆ ಅವನು ಬ್ಯಾಂಕಿಗೆ ಬರಲಾರ. ಬಂದರೆ ಅಂದಿನ ಕೂಲಿಯೇ ತಪ್ಪುತ್ತದೆ.

ನೂರು ವರ್ಷಗಳ ಹೊಸ್ತಿಲಲ್ಲಿ, ಅಂದರೆ 2025ರ ಆರಂಭದಲ್ಲಿ, ಕರ್ನಾಟಕದ ಹಳ್ಳಿಗಳ ಬಾಗಿಲು ತಟ್ಟುತ್ತಿದ್ದವರು ಬೇರೆಯೇ ಬಗೆಯ ಪ್ರತಿನಿಧಿಗಳು. ಕಿರುಸಾಲದ ಕಂತು ವಸೂಲಿಗೆ ಬರುವವರಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳು ಚಾಮರಾಜನಗರ ಜಿಲ್ಲೆಯಿಂದ ಬಂದವು. ಆತ್ಮಹತ್ಯೆಗಳೂ ವರದಿಯಾದವು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಆಂಧ್ರಪ್ರದೇಶವು 2010ರ ಅಕ್ಟೋಬರಿನಲ್ಲಿ ಇಂಥದೇ ಕಾರಣಕ್ಕೆ ಇಂಥದೇ ಸುಗ್ರೀವಾಜ್ಞೆ ಹೊರಡಿಸಿತ್ತು. ಹದಿನೈದು ವರ್ಷಗಳಲ್ಲಿ ನಾವು ಕಲಿತದ್ದೇನು ಎಂಬ ಪ್ರಶ್ನೆ ಏಳದೇ ಇರದು.

ವಸೂಲಿಗಾರರ ದೌರ್ಜನ್ಯವನ್ನು ಕಾನೂನು ತಡೆಯಲೇಬೇಕು, ಸರಿ. ಆದರೆ ಮಗುವಿನ ಜ್ವರಕ್ಕೆ, ಶಾಲೆಯ ಶುಲ್ಕಕ್ಕೆ, ಮಳೆ ಕೈಕೊಟ್ಟ ತಿಂಗಳ ಅಕ್ಕಿಗೆ ಸಾಲವನ್ನೇ ಮಾಡಬೇಕಾಗಿ ಬಂದದ್ದೇಕೆ? ವಾರಕ್ಕೆ ಐನೂರು ರೂಪಾಯಿ ಕಂತು ಕಟ್ಟಬಲ್ಲ ಹೆಣ್ಣುಮಗಳು ಅದರ ಒಂದಂಶವನ್ನಾದರೂ ಮೊದಲೇ ಉಳಿಸಬಲ್ಲವಳಾಗಿದ್ದಳು. ಅದನ್ನು ಪಡೆಯಲು ಅವಳ ಬಾಗಿಲಿಗೆ ಯಾರೂ ಬರಲಿಲ್ಲ. ಬಂದವರಿಗೆ ಪಡೆಯುವ ಅಧಿಕಾರವೂ ಇರಲಿಲ್ಲ. ಕಿರುಸಾಲ ನೀಡುವ ಬ್ಯಾಂಕೇತರ ಹಣಕಾಸು ಕಂಪನಿಗಳು ಸಾಲ ಕೊಡಬಹುದೇ ಹೊರತು ಠೇವಣಿ ಸ್ವೀಕರಿಸುವಂತಿಲ್ಲ. ಜನರ ಹಣ ಮುಳುಗಿಸಿದ ಸಂಸ್ಥೆಗಳ ದೊಡ್ಡ ಪಟ್ಟಿಯೇ ಇರುವ ದೇಶದಲ್ಲಿ ಈ ನಿರ್ಬಂಧ ತಪ್ಪೆನ್ನಲಾಗದು. ಪರಿಣಾಮ ಮಾತ್ರ ವಿಪರೀತವಾಗಿದೆ: ಬಡವರ ಓಣಿಗೆ ಸಾಲ ತಾನಾಗಿ ನಡೆದು ಬರುತ್ತದೆ, ಉಳಿತಾಯಕ್ಕೆ ಬಸ್ಸು ಹತ್ತಿ ಹೋಗಬೇಕು. ಹೀಗಾಗಿ ಅದು ಸಾಸಿವೆ ಡಬ್ಬಿಯಲ್ಲೇ ಉಳಿಯುತ್ತದೆ, ಅಥವಾ ಗಂಡನ ಕಣ್ಣಿಗೆ ಬಿದ್ದು ಕರಗುತ್ತದೆ.

ಖಾತೆಗಳಿಗೇನೂ ಕೊರತೆಯಿಲ್ಲ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಖಾತೆಗಳು 2023ರ ವೇಳೆಗೆ 50 ಕೋಟಿ ದಾಟಿದವು. ವಿಶ್ವಬ್ಯಾಂಕಿನ ‘ಫಿಂಡೆಕ್ಸ್’ ಸಮೀಕ್ಷೆಯ ಪ್ರಕಾರ, 2011ರಲ್ಲಿ ಶೇ 35ರಷ್ಟು ಭಾರತೀಯ ವಯಸ್ಕರು ಖಾತೆ ಹೊಂದಿದ್ದರೆ, 2021ರಲ್ಲಿ ಶೇ 78ರಷ್ಟು ಮಂದಿ ಹೊಂದಿದ್ದರು. ಇದು ಸಾಮಾನ್ಯ ಸಾಧನೆಯಲ್ಲ. ಪಿಂಚಣಿ, ಕೂಲಿ ನೇರವಾಗಿ ಕೈಸೇರುವಂತಾದದ್ದು ಇದರಿಂದಲೇ. ಆದರೆ ಅದೇ 2021ರ ಸಮೀಕ್ಷೆಯಲ್ಲಿ ಖಾತೆ ಇದ್ದವರ ಪೈಕಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ವರ್ಷವಿಡೀ ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಬ್ಯಾಂಕ್ ದೂರ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಪೈ ಅವರಿಗೆ ಇದನ್ನು ತಿಳಿಯಲು ಸಮೀಕ್ಷೆ ಬೇಕಾಗಿರಲಿಲ್ಲ.

ಕಿರುಸಾಲದ ತವರೆನಿಸಿದ ಬಾಂಗ್ಲಾದೇಶದ ಅನುಭವ ಇಲ್ಲಿ ಗಮನಾರ್ಹ. ಮಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಗ್ರಾಮದಲ್ಲಿ ಆರಂಭಿಸಿದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 1998ರ ಭೀಕರ ನೆರೆಯ ಬಳಿಕ ಅದರ ಸಾಲ ಮರುಪಾವತಿ ಕುಸಿಯಿತು. ಆಗ ಬ್ಯಾಂಕ್ ತನ್ನ ನಿಯಮಗಳನ್ನೇ ತಿದ್ದಿ, ಬೇಕೆಂದಾಗ ಹಿಂಪಡೆಯಬಹುದಾದ ಉಳಿತಾಯವನ್ನೂ ತಿಂಗಳಿಗೆ ಅಲ್ಪಮೊತ್ತ ಕಟ್ಟುವ ಪಿಂಚಣಿ ಠೇವಣಿಯನ್ನೂ ತಂದಿತು. ಕೆಲವೇ ವರ್ಷಗಳಲ್ಲಿ ಅದು ಸಂಗ್ರಹಿಸಿದ ಠೇವಣಿ, ನೀಡಿದ ಸಾಲವನ್ನೂ ಮೀರಿತು. ಸಾಲಕ್ಕೆ ನೊಬೆಲ್ ಬಂದದ್ದು ಎಲ್ಲರಿಗೂ ನೆನಪಿದೆ, ಈ ಸಂಗತಿ ಅಷ್ಟಾಗಿ ಯಾರಿಗೂ ಇಲ್ಲ.

ದಾರಿಯೇನೂ ಹೊಸದಾಗಿ ಹುಡುಕಬೇಕಿಲ್ಲ. ರಿಸರ್ವ್ ಬ್ಯಾಂಕ್ 2006ರಲ್ಲೇ ಬ್ಯಾಂಕ್ ಪ್ರತಿನಿಧಿಗಳ ನೇಮಕಕ್ಕೆ ಅನುಮತಿ ನೀಡಿತು. ಇಂದು ಹಳ್ಳಿಗಳಲ್ಲಿ ಕಾಣುವ ‘ಬ್ಯಾಂಕ್ ಮಿತ್ರ’ರು ಇವರೇ. ಬೆರಳಚ್ಚು ಯಂತ್ರ ಹಿಡಿದು ಹಣ ಕೊಡುವುದರಲ್ಲೇ ಅವರ ಹೊತ್ತು ಕಳೆಯುತ್ತದೆ. ಐವತ್ತು ರೂಪಾಯಿ ಜಮಾ ಪಡೆಯಲು ಓಣಿ ಓಣಿ ಸುತ್ತಿದರೆ ಸಿಗುವ ಕಮಿಷನ್ನಿನಲ್ಲಿ ಹೊಟ್ಟೆ ತುಂಬದು. ಪಿಗ್ಮಿ ಸಂಗ್ರಹಕಾರರೂ ಇದೇ ಪಾಡು ಪಟ್ಟವರು. ಅವರನ್ನು ಕೆಲಸಗಾರರೆಂದು ಪರಿಗಣಿಸಬೇಕೆಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 2001ರಲ್ಲಿ, ಯೋಜನೆ ಆರಂಭವಾಗಿ ಏಳು ದಶಕಗಳು ಕಳೆದ ಮೇಲೆ. ಸಣ್ಣ ಠೇವಣಿ ಸಂಗ್ರಹ ಬ್ಯಾಂಕಿಗೆ ದುಬಾರಿ ಎಂಬುದು ನಿಜ. ಆ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಸರ್ಕಾರ ಮತ್ತು ಬ್ಯಾಂಕುಗಳು ಕುಳಿತು ತೀರ್ಮಾನಿಸಬೇಕು. ಖಾತೆ ತೆರೆಸಿದ್ದಕ್ಕೆ ಗುರಿ ನಿಗದಿ ಮಾಡುವವರು, ತಿಂಗಳಿಗೆ ಎಷ್ಟು ಬಾರಿ ಆ ಖಾತೆಗೆ ಬಡವರ ಸ್ವಂತ ದುಡಿಮೆಯ ಹಣ ಬಿತ್ತು ಎಂಬುದಕ್ಕೂ ಗುರಿ ನಿಗದಿ ಮಾಡಲಿ. ಮಿತ್ರರ ಸಂಭಾವನೆಯನ್ನು ಅದಕ್ಕೇ ಜೋಡಿಸಲಿ.

ಉಡುಪಿಯ ಆ ಬ್ಯಾಂಕ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಸಹಕಾರ ಸಂಘಗಳ ಪುಸ್ತಕಗಳಲ್ಲಿ, ಕರಾವಳಿಯ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇನ್ನೂ ಬದುಕಿದೆ.