ಬೋಗಿಯ ನೆಲದಡಿ ನಿಂತ ನೀರು

ಹೌರಾ ನಿಲ್ದಾಣದಲ್ಲಿ ಬೆಂಗಳೂರಿನ ರೈಲನ್ನೇರುವ ನಮ್ಮವರು ಆಸನ, ದೀಪ, ಪಂಖಗಳನ್ನು ಪರೀಕ್ಷಿಸುವುದುಂಟು. ಕಾಲಡಿಯ ನೆಲವನ್ನು ಗಮನಿಸುವವರು ವಿರಳ. ಆದರೆ ಹಳೆಯ ಬೋಗಿಗಳ ಆಯುಸ್ಸನ್ನು ಕುಂದಿಸಿದ ಶತ್ರು ಅಲ್ಲಿಯೇ ಅಡಗಿತ್ತು.

ಪೆರಂಬೂರಿನ ಕಾರ್ಖಾನೆಯು 1955ರಿಂದ ನಿರ್ಮಿಸಿದ ಬೋಗಿಗಳಲ್ಲಿ ತಳಕ್ಕೆ ಅಲೆಯಲೆಯಾಗಿ ಮಡಿಸಿದ ಉಕ್ಕಿನ ತಗಡು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಾಸು. ಶೌಚಾಲಯದ ಬಳಿಯೋ ಬಾಗಿಲಿನ ಬಳಿಯೋ ಹಾಸಿನ ಸಂದು ಬಿಟ್ಟರೆ ನೀರು ಒಳಗಿಳಿದು ತಗಡಿನ ತಗ್ಗುಗಳಲ್ಲಿ ತಂಗುತ್ತದೆ. ಮೇಲೆ ಹಾಸು ಮುಚ್ಚಿರುವುದರಿಂದ ಅದು ಬೇಗನೆ ಆರದು. ಹಲಗೆ ಕೊಳೆಯುತ್ತದೆ, ತಗಡು ತುಕ್ಕು ತಿಂದು ತೂತಾಗುತ್ತದೆ. ಪಕ್ಕದ ಉದ್ದನೆಯ ತೊಲೆಗೂ ತುಕ್ಕು ಹಬ್ಬಿದರೆ ಬೋಗಿಯ ಬಲವೇ ಕುಗ್ಗುತ್ತದೆ. ಶೌಚಾಲಯದ ನೀರಾದರಂತೂ ಕೇಡು ಇಮ್ಮಡಿ.

ಇದನ್ನರಿತೇ ನೀರು ಬಸಿದುಹೋಗಲು ತಗಡಿನಲ್ಲಿ ರಂಧ್ರಗಳನ್ನು ಇಟ್ಟಿದ್ದರು. ಧೂಳು, ಕಸ ಸೇರಿ ಅವು ಕಟ್ಟಿಕೊಂಡರೆ ಇದ್ದೂ ಇಲ್ಲದಂತೆ. ಬಣ್ಣ ಬಳಿಯುವ ಉತ್ಸಾಹದಲ್ಲಿ ರಂಧ್ರವನ್ನೇ ಮುಚ್ಚಿಬಿಡುವುದಂತೂ ತುಕ್ಕಿಗೆ ಔತಣವಿತ್ತಂತೆಯೇ!

ಹೌರಾದ ನೆರೆಯ ಲಿಲುವಾದಲ್ಲಿರುವಂತಹ ಕಾರ್ಯಾಗಾರಗಳಲ್ಲಿ ಇದಕ್ಕೆ ಚಿಕಿತ್ಸೆ ಸುಲಭದ್ದಲ್ಲ. ಹಾಸು, ಹಲಗೆಗಳನ್ನು ಕಿತ್ತು, ತುಕ್ಕು ಕೆರೆದು, ಕೆಟ್ಟ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಆ ಮಾದರಿಯ ಬೋಗಿಗಳ ತಯಾರಿಕೆ 2018ರಲ್ಲಿ ನಿಂತಿತು. ಅವುಗಳ ಸ್ಥಾನಕ್ಕೆ ಬಂದ ಎಲ್.ಎಚ್.ಬಿ. ಬೋಗಿಗಳ ನೆಲಕ್ಕೆ ಸುಲಭವಾಗಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕನ್ನು ಬಳಸಿದ್ದಾರೆ.

ವಾಸದ ಗಾಡಿಯನ್ನೋ ಸರಕಿನ ವ್ಯಾನನ್ನೋ ಇಟ್ಟುಕೊಂಡಿರುವ ವಾಚಕರಿಗೂ ಇದೇ ಕ್ರಮ ಸಲ್ಲುತ್ತದೆ. ಮಳೆಗಾಲ ಕಳೆದೊಡನೆ ತಳವನ್ನು ನೋಡಿ, ಕಟ್ಟಿಕೊಂಡ ರಂಧ್ರಗಳನ್ನು ಬಿಡಿಸಿರಿ. ಮೇಲಿನ ಸಂದುಗಳನ್ನು ಮುಚ್ಚಿರಿ. ನೆಲ ಪೂರ್ತಿಯಾಗಿ ಆರುವ ಮುನ್ನ ಕೆಳಗಿನಿಂದ ಡಾಂಬರು ಬಳಿಯಬೇಡಿರಿ.