ಸೈಕಲ್ಲಿನ ಗಾಲಿಗೆ ಹೊಸ ಗುಂಬ

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಮೊದಮೊದಲು ಕೈಗೆತ್ತಿಕೊಳ್ಳುವ ಉಪಕರಣಗಳಲ್ಲಿ ವರ್ನಿಯರ್ ಕ್ಯಾಲಿಪರ್ ಒಂದು. ಹಿತ್ತಾಳೆಯ ಉರುಳೆಯೊಂದರ ವ್ಯಾಸವನ್ನು ಅದರಿಂದ ಅಳೆದು, ಪುಸ್ತಕದಲ್ಲಿ ಬರೆದು, ಅಧ್ಯಾಪಕರ ಸಹಿ ಪಡೆದರೆ ಅದರ ಪ್ರಯೋಜನ ಮುಗಿಯಿತೆಂದು ಹಲವರ ಭಾವನೆ. ಈ ಭಾವನೆ ತಪ್ಪೆಂಬುದನ್ನು ನಮ್ಮ ವಿದ್ಯಾರ್ಥಿಯೊಬ್ಬನ ಸೈಕಲ್ಲು ಚೆನ್ನಾಗಿ ತೋರಿಸಿಕೊಟ್ಟಿತು.

ಈತನು ಹೊಳಲ್ಕೆರೆ ರಸ್ತೆಯ ಬದಿಯ ಹಳ್ಳಿಯೊಂದರಿಂದ ಚಿತ್ರದುರ್ಗಕ್ಕೆ ತಂದೆಯ ಹಳೆಯ ಕರಿ ಸೈಕಲ್ಲಿನಲ್ಲಿ ಬರುವವನು. ರಸ್ತೆಯ ಧೂಳು ವರ್ಷಗಟ್ಟಲೆ ಒಳಸೇರಿ, ಹಿಂದಿನ ಗಾಲಿಯ ಗುಂಬ, ಅಂಗಡಿಯವರು ‘ಹಬ್’ ಎನ್ನುವ ಭಾಗ, ಸವೆದುಹೋಯಿತು. ಕಣ್ಣಿಗೆ ಹಳೆಯದರಂತೆಯೇ ಕಂಡ ಹೊಸದೊಂದನ್ನು ಅವನು ಕೊಂಡು ತಂದನು. ಗಾಲಿ ಮಾತ್ರ ಕೂಡಲಿಲ್ಲ. ಮೂರು ದಿನದ ಪಾಠಗಳು ತಪ್ಪಿದವು. ನಾಲ್ಕನೆಯ ದಿನ ಎರಡೂ ಗುಂಬಗಳನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಬಳಿಗೆ ಬಂದು, “ಎರಡೂ ಒಂದೇ ಥರ ಇವೆ ಸರ್, ಆದರೆ ಕಡ್ಡಿಗಳು ಕೂರುತ್ತಿಲ್ಲ” ಎಂದನು. ನಾವು ಅವನ ಕೈಗೆ ವರ್ನಿಯರನ್ನು ಕೊಟ್ಟೆವು.

ಗುಂಬದ ಕೆಲಸವೇನೆಂಬುದನ್ನು ಮೊದಲು ತಿಳಿಯೋಣ. ಎತ್ತಿನ ಬಂಡಿಯ ಗಾಲಿಯಲ್ಲಿ ಮರದ ಗುಂಬವು ತನ್ನ ಕೆಳಗಿನ ಅರಗಳ ಮೇಲೆ ನಿಂತಿರುತ್ತದೆ. ಭಾರವು ಅವುಗಳನ್ನು ಒತ್ತುತ್ತದೆ. ಸೈಕಲ್ಲಿನ ತಂತಿಕಡ್ಡಿಯನ್ನು ಹಾಗೆ ಒತ್ತಿದರೆ ಅದು ಬಾಗಿಹೋದೀತು. ಆದುದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಸವಾರನು ಕುಳಿತಾಗ ಕೆಳಗಿನ ಕಡ್ಡಿಗಳ ಬಿಗಿ ಸ್ವಲ್ಪ ಸಡಿಲುವುದು. ಆದರೂ ಅವು ಎಳೆತದಲ್ಲಿಯೇ ಇರುವುವು. ಇಂಥ ತಂತಿಗಾಲಿಗೆ ಪ್ಯಾರಿಸಿನ ಯುಜೀನ್ ಮೇಯರ್ 1869ರಲ್ಲಿ ಹಕ್ಕುಪತ್ರ ಪಡೆದನು. ಕಡ್ಡಿಗಳನ್ನು ಗುಂಬಕ್ಕೆ ಸ್ಪರ್ಶರೇಖೆಯಂತೆ ಓರೆಯಾಗಿ ಹೂಡುವ ಕ್ರಮಕ್ಕೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಹಕ್ಕುಪತ್ರ ಪಡೆದನು. ಪೆಡಲಿನ ತಿರುಚುಬಲವನ್ನು ಗುಂಬದಿಂದ ರಿಮ್ಮಿಗೆ ಸಾಗಿಸಲು ಈ ಓರೆಯೇ ಸಹಾಯಕ.

ಹೀಗೆ ಗುಂಬವು ಒಂದು ಕಡೆ ಕಡ್ಡಿಗಳಿಗೆ, ಒಂದು ಕಡೆ ಚೌಕಟ್ಟಿಗೆ, ಮತ್ತೊಂದು ಕಡೆ ಸರಪಳಿಯ ಫ್ರೀವೀಲಿಗೆ ಹೊಂದಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉಳಿದ ಹೊಂದಿಕೆಗಳು ನಿಷ್ಪ್ರಯೋಜಕ.

ಮೊದಲನೆಯದು ರಂಧ್ರಗಳ ಸಂಖ್ಯೆ. ನಮ್ಮ ದೇಶದ ಕರಿ ಸೈಕಲ್ಲುಗಳು ಹಳೆಯ ಬ್ರಿಟಿಷ್ ಪದ್ಧತಿಯಂತೆ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳನ್ನು ಹೊಂದಿರುತ್ತವೆ. ಹಿಂದಿನ ಗಾಲಿಗೆ ಭಾರವೂ ತಿರುಚೂ ಹೆಚ್ಚು. ಬೇರೆ ಬಗೆಯ ಸೈಕಲ್ಲುಗಳಲ್ಲಿ 36 ಸಾಮಾನ್ಯ. ನಮ್ಮ ವಿದ್ಯಾರ್ಥಿ ತಂದ ಗುಂಬದಲ್ಲಿ ಎಣಿಸಿದರೆ 36 ರಂಧ್ರಗಳು! ಅವನ ರಿಮ್ಮಿನಲ್ಲಿ 40 ರಂಧ್ರಗಳು 9 ಡಿಗ್ರಿಗೊಂದರಂತೆ ಇದ್ದುವು. 36ರ ಗುಂಬ ಕೇಳುವುದು 10 ಡಿಗ್ರಿಗೊಂದು. ನಾಲ್ಕು ರಂಧ್ರಗಳನ್ನು ಬರಿದು ಬಿಟ್ಟರೆ ಸಾಲದು. ಎಳೆತವು ಸುತ್ತಲೂ ಸಮವಾಗದೆ ಗಾಲಿ ಸೊಟ್ಟಗಾಗುವುದು.

ಎರಡನೆಯದು ಅಗಲ. ಇಲ್ಲಿ ಅಚ್ಚಿನ ಪೂರ್ಣ ಉದ್ದವನ್ನು ಅಳೆಯುವುದು ಸಾಮಾನ್ಯವಾದ ತಪ್ಪು. ಚೌಕಟ್ಟಿನ ಕವೆಗೆ ಒಳಗಿನಿಂದ ತಾಗುವ ಎರಡು ನಟ್ಟುಗಳ ಹೊರಮುಖಗಳ ನಡುವಣ ದೂರವನ್ನೇ ಅಳೆಯಬೇಕು. ಇವನ ಹಳೆಯ ಗುಂಬದಲ್ಲಿ ಅದು 120 ಮಿಲಿಮೀಟರು. ಈಗಿನ ಅನೇಕ ಗೇರು ಸೈಕಲ್ಲುಗಳಲ್ಲಿ ಹಿಂದಿನ ಅಗಲ 135 ಮಿಲಿಮೀಟರು. ಅಂಥದನ್ನು ಬಲವಂತದಿಂದ ತುರುಕಿದರೆ ಕವೆಯ ಎರಡು ಕಾಲುಗಳೂ ಹೊರಕ್ಕೆ ಬಾಗಿ, ಅಚ್ಚು ಕೂರುವ ತುದಿಗಳು ಪರಸ್ಪರ ಸಮಾಂತರವಾಗಿ ಉಳಿಯವು. ಅಚ್ಚು ವೃಥಾ ಬಾಗುವುದು.

ಮೂರನೆಯದು ತಿರುಪಿನ ಸುತ್ತುಗಳು. ಹಳೆಯ ಬ್ರಿಟಿಷ್ ಕ್ರಮದ ಹಿಂದಿನ ಅಚ್ಚು 3/8 ಇಂಚು ದಪ್ಪ, ಇಂಚಿಗೆ 26 ಸುತ್ತು. ಮೆಟ್ರಿಕ್ ಅಚ್ಚು 10 ಮಿಲಿಮೀಟರು ದಪ್ಪ, ಸುತ್ತಿಗೆ 1 ಮಿಲಿಮೀಟರು. ಒಂದು ಇಂಚು 25.4 ಮಿಲಿಮೀಟರಾದುದರಿಂದ ಮೊದಲನೆಯದರ ಒಂದು ಸುತ್ತು ಸುಮಾರು 0.98 ಮಿಲಿಮೀಟರು. ದಪ್ಪದಲ್ಲಿಯೂ ಸುತ್ತಿನಲ್ಲಿಯೂ ವ್ಯತ್ಯಾಸ ಅತ್ಯಲ್ಪ. ಅದರಿಂದಲೇ ಕಣ್ಣು ಮೋಸಹೋಗುವುದು. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲದಿಂದ ತಿರುಗಿಸಬಾರದು. ಫ್ರೀವೀಲಿನ ವಿಷಯವೂ ಹೀಗೆಯೇ: ಇಂದು ಸಾಮಾನ್ಯವಾದುದು 1.37 ಇಂಚು, ಇಂಚಿಗೆ 24 ಸುತ್ತು. ಹಳೆಯ ಫ್ರೆಂಚ್ ಕ್ರಮದ್ದು 34.7 ಮಿಲಿಮೀಟರು. ಲೆಕ್ಕ ಹಾಕಿದರೆ ಅಂತರ 0.1 ಮಿಲಿಮೀಟರಿನಷ್ಟೇ, ಆದರೂ ಒಂದಕ್ಕೊಂದು ಸೇರದು.

ನಾಲ್ಕನೆಯದು ಬಿಲ್ಲೆಯ ಅಳತೆ. ಕಡ್ಡಿಗಳು ಸಿಕ್ಕಿಕೊಳ್ಳುವ, ಗುಂಬದ ಎರಡು ಬದಿಯ ದುಂಡು ತಟ್ಟೆಗಳಿಗೆ ಇಲ್ಲಿ ಬಿಲ್ಲೆ ಎನ್ನುತ್ತೇವೆ. ವಿದ್ಯಾರ್ಥಿಯು ಅಂಗಡಿಗೆ ಹಿಂದಿರುಗಿದಾಗ ಅಂಗಡಿಯವರು ಸಂತೋಷದಿಂದಲೇ ಗುಂಬವನ್ನು ಬದಲಾಯಿಸಿಕೊಳ್ಳಲೊಪ್ಪಿ, 40 ರಂಧ್ರಗಳ ಎರಡನ್ನು ಮುಂದಿಟ್ಟರು. ಎರಡರ ಅಗಲವೂ ತಿರುಪೂ ಸರಿಯಾಗಿದ್ದುವು. ಆದರೆ ಒಂದರ ರಂಧ್ರವೃತ್ತದ ತ್ರಿಜ್ಯ, ಹಳೆಯದರಂತೆ, 22 ಮಿಲಿಮೀಟರು, ಇನ್ನೊಂದರದು 32. ಹೊಸ ಕಡ್ಡಿಗಳಿಗೆ ಅವನ ಬಳಿ ಹಣವಿರಲಿಲ್ಲ. ಹಳೆಯ ಕಡ್ಡಿಗಳು ಯಾವುದಕ್ಕೆ ಹೊಂದುವುವು?

ರಿಮ್ಮಿನ ತ್ರಿಜ್ಯ ‘ಅ’, ಬಿಲ್ಲೆಯದು ‘ಬ’, ಗಾಲಿಯ ನಡುತಲದಿಂದ ಬಿಲ್ಲೆಗಿರುವ ದೂರ ‘ಕ’, ಕೇಂದ್ರದಲ್ಲಿ ಕಡ್ಡಿಯ ಎರಡು ತುದಿಗಳ ನಡುವಣ ಕೋನ ‘ಚ’ ಆದರೆ,

ಉದ್ದ² = ಅ² + ಬ² + ಕ² − 2 ಅ ಬ ಕೊಸೈನ್ ಚ

ತ್ರಿಕೋನಮಿತಿಯ ಕೊಸೈನ್ ಸೂತ್ರವೇ ಇದು. ಬಿಲ್ಲೆಗೆ 20 ರಂಧ್ರಗಳಿರುವುದರಿಂದ ಪಕ್ಕದ ರಂಧ್ರಗಳ ನಡುವೆ 18 ಡಿಗ್ರಿ; ಪ್ರತಿ ಕಡ್ಡಿಯೂ ಬೇರೆ ನಾಲ್ಕನ್ನು ಹಾಯ್ದು ಹೋದರೆ ಚ = 72 ಡಿಗ್ರಿ. ‘ಅ’ 310, ‘ಕ’ 30 ಮಿಲಿಮೀಟರು ಎಂದಿಟ್ಟುಕೊಂಡರೆ ಸಣ್ಣ ಬಿಲ್ಲೆಗೆ 305.4, ದೊಡ್ಡದಕ್ಕೆ 303.1 ಮಿಲಿಮೀಟರು ಬರುತ್ತದೆ. ಕಡ್ಡಿಗಳು ನೇರವಾಗಿ ಕೇಂದ್ರದಿಂದ ಹೊರಟಿದ್ದರೆ ವ್ಯತ್ಯಾಸ 10 ಮಿಲಿಮೀಟರು ಆಗುತ್ತಿತ್ತು, ಓರೆಯಾಗಿರುವುದರಿಂದ 2.3ಕ್ಕೆ ಇಳಿಯಿತು. ಇದು ಅಲ್ಪವಲ್ಲವೆ? ಅಲ್ಲ. ಕಡ್ಡಿಯ ತುದಿಯಲ್ಲಿ ತಿರುಪು ಇರುವುದು ಸುಮಾರು 10 ಮಿಲಿಮೀಟರು ಮಾತ್ರ. ಎರಡು ಮಿಲಿಮೀಟರು ಹೆಚ್ಚಾದ ಕಡ್ಡಿಯನ್ನು ಬಿಗಿಮಾಡಿದಾಗ ತುದಿಯು ನಿಪ್ಪಲಿನಿಂದ ಮೇಲೆ ಚಾಚಿ ಟ್ಯೂಬನ್ನು ಚುಚ್ಚಬಹುದು. ಹುಡುಗನು ಸಣ್ಣ ಬಿಲ್ಲೆಯದನ್ನೇ ಆರಿಸಿದನು. ಹಳೆಯ ಕಡ್ಡಿಗಳೇ ಸಾಕಾದುವು.

ವಾಚಕರು ಇನ್ನೊಂದನ್ನು ನೆನಪಿಡಬೇಕು. ಗಾಲಿ ಓಲಾಡಿದ ಮಾತ್ರಕ್ಕೆ ಗುಂಬ ಹೋಯಿತೆನ್ನಲಾಗದು. ಒಳಗಿನ ಕೋನುಗಳು ಕುಳಿಬಿದ್ದಿದ್ದರೆ ಅವನ್ನೂ ಗುಂಡುಗಳನ್ನೂ ಮಾತ್ರ ಬದಲಾಯಿಸಬಹುದು. ಹಿಂದಿನ ಗುಂಬದಲ್ಲಿ ಸಾಮಾನ್ಯವಾಗಿ ಬದಿಗೆ 1/4 ಇಂಚಿನ ಒಂಬತ್ತು, ಮುಂದಿನದರಲ್ಲಿ 3/16 ಇಂಚಿನ ಹತ್ತು ಗುಂಡುಗಳಿರುತ್ತವೆ. ಗುಂಬದ ಒಳಬಟ್ಟಲೇ ಸವೆದಿದ್ದರೆ ಮಾತ್ರ ಹೊಸ ಗುಂಬ ಬೇಕು.

ಮರುದಿನ ಬೆಳಗಿನ ಪ್ರಯೋಗದ ವೇಳೆಗೆ ನಮ್ಮ ವಿದ್ಯಾರ್ಥಿ ಸಕಾಲಕ್ಕೆ ಬಂದನು. ಕಾಲೇಜಿನ ಅಂಗಳದಿಂದ ಕಾಣುವ ಜೋಗಿಮಟ್ಟಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದುವು. “ಅವುಗಳ ರೆಕ್ಕೆಗೂ ನಡುವೆ ಗುಂಬ ಇರಬೇಕಲ್ಲ ಸರ್, ಅದರ ರಂಧ್ರಗಳನ್ನೂ ಯಾರಾದರೂ ಎಣಿಸಿರಬೇಕು” ಎಂದನು. ಎಣಿಸಿಯೇ ಇರಬೇಕು, ಅಳೆದೂ ಇರಬೇಕು ಎಂದೆವು.